ಫಿರಂಗಿ (ಖಡ್ಗ)

ಫಿರಂಗಿಯು ದಖ್ಖನ್ ಮತ್ತು ಉತ್ತರ ಭಾರತದಲ್ಲಿ 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಬಳಕೆಯಲ್ಲಿದ್ದ ಒಂದು ಬಗೆಯ ನೇರ ಖಡ್ಗ. ಯುರೋಪಿನಲ್ಲಿ ತಯಾರಾದ ಅಲಗಿಗೆ ಭಾರತದ ಕುಶಲಕರ್ಮಿಗಳು ದೇಶೀಯ ಹಿಡಿಕೆಯನ್ನು ಜೋಡಿಸಿ ಸಿದ್ಧಪಡಿಸುತ್ತಿದ್ದುದು ಇದರ ವೈಶಿಷ್ಟ್ಯ. ಮುಂದೆ ಯುರೋಪಿನ ಅಲಗುಗಳನ್ನು ಅನುಕರಿಸಿ ಭಾರತದಲ್ಲಿಯೇ ಮಾಡಿದ ಖಡ್ಗಗಳಿಗೂ ಇದೇ ಹೆಸರು ಬಂದಿತು. ಬಿಜಾಪುರದ ಆದಿಲ್‌ಶಾಹಿ, ಮೊಘಲ್ ಮತ್ತು ಮರಾಠಾ ಸೈನ್ಯಗಳಲ್ಲಿ ಇದು ಬಳಕೆಯಲ್ಲಿತ್ತು. ಮರಾಠಾ ಅಶ್ವದಳದೊಂದಿಗೆ ಇದರ ಹೆಸರು ವಿಶೇಷವಾಗಿ ಬೆರೆತುಕೊಂಡಿದೆ. ಗೋವಾ ಮತ್ತು ಬಿಜಾಪುರಗಳ ನಡುವಿನ ವ್ಯಾಪಾರಮಾರ್ಗದಲ್ಲಿದ್ದ ಇಂದಿನ ಬೆಳಗಾವಿ ಜಿಲ್ಲೆಯ ಉತ್ತರಭಾಗ, ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಪ್ರದೇಶವು, ಈ ಖಡ್ಗವನ್ನು ಬಳಸಿದ ರಾಜ್ಯಗಳ ಆಳ್ವಿಕೆಗೆ ಒಂದಾದ ಮೇಲೊಂದರಂತೆ ಒಳಪಟ್ಟಿತ್ತು.

ಒಂದೇ ಅಲಗು ಹಲವು ಒಡೆಯರ ಕೈದಾಟಿ, ಹಲವು ಬಾರಿ ಹಿಡಿಕೆ ಬದಲಿಸಿಕೊಂಡಿರುವುದು ಸಾಮಾನ್ಯ. ಆದ್ದರಿಂದ ಫಿರಂಗಿಯ ಅಲಗು ಒಂದು ದೇಶದ ಕಥೆಯನ್ನೂ ಹಿಡಿಕೆ ಇನ್ನೊಂದು ದೇಶದ ಕಥೆಯನ್ನೂ ಹೇಳುತ್ತದೆ. ಇವೆರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಖಡ್ಗದ ಇತಿಹಾಸ ತಿಳಿಯುತ್ತದೆ.

ಹೆಸರಿನ ಮೂಲ

ಪಶ್ಚಿಮ ಯುರೋಪಿನ ಫ್ರಾಂಕ್ ಜನರ ಹೆಸರಿನಿಂದ ಅರಬ್ಬಿ ಮತ್ತು ಪಾರಸಿ ಭಾಷೆಗಳಲ್ಲಿ 'ಫರಂಗ್' ಎಂಬ ಪದ ಹುಟ್ಟಿತು. ಕ್ರಮೇಣ ಅದು ಯುರೋಪಿನವರೆಲ್ಲರಿಗೂ ಅನ್ವಯವಾಯಿತು. ಭಾರತದ ಪಶ್ಚಿಮ ಕರಾವಳಿಯಲ್ಲಿ 'ಫಿರಂಗಿ' ಎಂದರೆ ಮೊದಲಿಗೆ ಪೋರ್ಚುಗೀಸರೇ. ಅವರ ಮೂಲಕ ಬಂದ ವಸ್ತುಗಳಿಗೂ ಅದೇ ಹೆಸರು ಅಂಟಿಕೊಂಡಿತು. ಕನ್ನಡದಲ್ಲಿ 'ಫಿರಂಗಿ' ಎಂದರೆ ಇಂದು ಸಾಮಾನ್ಯವಾಗಿ ತೋಪು ಎಂದೇ ಅರ್ಥ. ಅಮೆರಿಕ ಖಂಡದಿಂದ ಬಂದ ಪಪ್ಪಾಯಿಗೆ 'ಪರಂಗಿ ಹಣ್ಣು' ಎಂಬ ಹೆಸರು ಬಂದದ್ದೂ ಇದೇ ಪದದಿಂದ. ಮರಾಠಿಯಲ್ಲಿ ಮಾತ್ರ 'ಫಿರಂಗ' ಎಂಬುದು ಖಡ್ಗದ ಹೆಸರಾಗಿಯೂ ಉಳಿದುಕೊಂಡಿದೆ.

ಅಲಗು ಬಂದ ಊರನ್ನೇ ಸೂಚಿಸುವ ಬೇರೆ ಹೆಸರುಗಳೂ ದಖ್ಖನ್ನಿನಲ್ಲಿ ಬಳಕೆಯಲ್ಲಿದ್ದವು. ಜರ್ಮನಿಯ ಅಲಗಿಗೆ ಅಥವಾ ಆ ಮಾದರಿಯ ಬಾಗಿದ ಕತ್ತಿಗೆ 'ಅಲೆಮಾನಿ' ಎಂದೂ ಇಟಲಿಯ ಜಿನೋವಾದ ಅಲಗಿಗೆ 'ಜನವಿ' ಎಂದೂ ಕರೆಯುತ್ತಿದ್ದರು. ಅಗಲವಾದ ನೇರ ಅಲಗಿನ ದಖ್ಖನಿ ಖಡ್ಗಕ್ಕೆ 'ಧೂಪ್' ಅಥವಾ 'ಧೋಪ್' ಎಂಬ ಹೆಸರಿತ್ತು.

ರಚನೆ

ಅಲಗು

ಫಿರಂಗಿಯ ಅಲಗು ನೇರವಾಗಿಯೂ ಅಗಲವಾಗಿಯೂ ಇರುತ್ತದೆ. ಉದ್ದ ಸಾಮಾನ್ಯವಾಗಿ 89ರಿಂದ 96 ಸೆಂಟಿಮೀಟರ್. ಬಹುತೇಕ ಅಲಗುಗಳಿಗೆ ಒಂದೇ ಬದಿಯಲ್ಲಿ ಬಾಯಿ ಇರುತ್ತದೆ. ಎರಡು ಬದಿಯ ಬಾಯಿಯುಳ್ಳವೂ ಉಂಟು. ಅಲಗಿನ ಉದ್ದಕ್ಕೆ ಒಂದರಿಂದ ಮೂರು ಅಥವಾ ಹೆಚ್ಚು ಕಿರಿದಾದ ತೋಡುಗೆರೆಗಳಿರುತ್ತವೆ. ಇವು ರಕ್ತ ಹರಿಯಲೆಂದು ಮಾಡಿದ ಕಾಲುವೆಗಳು ಎಂಬ ಜನಪ್ರಿಯ ನಂಬಿಕೆ ಸರಿಯಲ್ಲ. ಅಲಗಿನ ಬಿಗಿತವನ್ನು ಉಳಿಸಿಕೊಂಡು ತೂಕವನ್ನು ಕಡಿಮೆ ಮಾಡುವುದು ಇವುಗಳ ಉದ್ದೇಶ. ಮೊನೆಯು ಹಲವು ಖಡ್ಗಗಳಲ್ಲಿ ಭರ್ಜಿಯ ತುದಿಯಂತಿದ್ದು, ಕಡಿಯಲೂ ತಿವಿಯಲೂ ಅನುಕೂಲವಾಗಿದೆ.

ಹಿಡಿಕೆ

ಫಿರಂಗಿಗೆ ಸಾಮಾನ್ಯವಾಗಿ 'ಖಾಂಡಾ' ಎಂಬ ದೇಶೀಯ ಖಡ್ಗದ ಬುಟ್ಟಿ ಹಿಡಿಕೆಯನ್ನು ಜೋಡಿಸುತ್ತಿದ್ದರು. ಇದರಲ್ಲಿ ಅಂಗೈ ಹಿಡಿಯುವ ಭಾಗ, ಅಲಗಿನ ಬುಡದಲ್ಲಿ ತಟ್ಟೆಯಂತಹ ಕೈಗಾಪು, ಬೆರಳುಗಳನ್ನು ಮುಚ್ಚುವ ಅಗಲವಾದ ಬಾಗಿದ ಪಟ್ಟಿ ಮತ್ತು ತುದಿಯಲ್ಲಿ ದುಂಡನೆಯ ಬಿಲ್ಲೆ ಇರುತ್ತವೆ. ಬಿಲ್ಲೆಯಿಂದ ಹೊರಚಾಚಿದ ಉದ್ದನೆಯ ಮೊಳೆ ಈ ಹಿಡಿಕೆಯ ಎದ್ದುಕಾಣುವ ಲಕ್ಷಣ. ಎರಡೂ ಕೈಗಳಿಂದ ಹೊಡೆಯುವಾಗ ಎಡಗೈಗೆ ಇದು ಆಸರೆ. ಖಡ್ಗ ಒರೆಯಲ್ಲಿದ್ದಾಗ ಕೈಯನ್ನು ಊರಿ ನಿಲ್ಲಲೂ ಇದು ಒದಗುತ್ತದೆ. ಕೈಗೆ ಪೆಟ್ಟಾಗದಂತೆ ಹಿಡಿಕೆಯ ಒಳಮೈಗೆ ಬಟ್ಟೆ ಅಥವಾ ಮಖಮಲ್ಲಿನ ಮೆತ್ತೆಯನ್ನು ಹೊಂದಿಸುತ್ತಿದ್ದರು.

ಒರೆ

ಒರೆಯನ್ನು ಎರಡು ತೆಳು ಮರದ ಹಲಗೆಗಳಿಂದ ಮಾಡಿ ಮೇಲೆ ಚರ್ಮ ಅಥವಾ ಮಖಮಲ್ಲನ್ನು ಹೊದಿಸುತ್ತಿದ್ದರು. ಮರದ ಒರೆಯಲ್ಲಿ ಅಲಗಿನ ಹರಿತ ಕೆಡುವುದಿಲ್ಲ. 19ನೆಯ ಶತಮಾನದ ಬ್ರಿಟಿಷ್ ಅಶ್ವದಳದ ಉಕ್ಕಿನ ಒರೆಗಳಲ್ಲಿ ಇದೇ ದೊಡ್ಡ ಕೊರತೆಯಾಗಿತ್ತು.

ಇತಿಹಾಸ

ಅಲಗುಗಳ ಆಮದು

1510ರಲ್ಲಿ ಅಫೊನ್ಸೊ ಡಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾವನ್ನು ವಶಪಡಿಸಿಕೊಂಡ ನಂತರ ಯುರೋಪಿನ ಸರಕು ನೇರವಾಗಿ ದಖ್ಖನ್ನಿಗೆ ಬರತೊಡಗಿತು. ಕ್ರೈಸ್ತೇತರರಿಗೆ ಶಸ್ತ್ರಗಳನ್ನು ಮಾರಬಾರದೆಂಬ ಚರ್ಚಿನ ನಿಷೇಧವಿದ್ದರೂ ಅಲಗುಗಳ ವ್ಯಾಪಾರ ನಿಲ್ಲಲಿಲ್ಲ. ಜರ್ಮನಿಯ ಜೋಲಿಂಗೆನ್ ಮತ್ತು ಪಸ್ಸಾವ್, ಸ್ಪೇನಿನ ಟೊಲೆಡೊ ಹಾಗೂ ಉತ್ತರ ಇಟಲಿಯ ಊರುಗಳು ಆ ಕಾಲದ ಯುರೋಪಿನಲ್ಲಿ ಅಲಗುಗಳಿಗೆ ಹೆಸರಾಗಿದ್ದವು. 17ನೆಯ ಶತಮಾನದಲ್ಲಿ ಇಂಗ್ಲಿಷ್ ಕಂಪನಿಯೂ ಸೂರತ್ತಿಗೆ ಅಲಗುಗಳನ್ನು ತಂದು ಮಾರಿತು. ಡಚ್ಚರು 1637ರಲ್ಲಿ ಆದಿಲ್‌ಶಾಹಿಗೆ ಸೇರಿದ್ದ ವೆಂಗುರ್ಲೆಯಲ್ಲಿ ಕೋಠಿಯನ್ನು ತೆರೆದರು.

ಭಾರತವು ಸ್ವತಃ ಉತ್ಕೃಷ್ಟ ಉಕ್ಕಿನ ನಾಡಾಗಿತ್ತು. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ತಯಾರಿಸುತ್ತಿದ್ದ 'ವೂಟ್ಜ್' ಉಕ್ಕು ಪರ್ಷಿಯಾದವರೆಗೆ ಹೋಗುತ್ತಿತ್ತು. ಆ ಹೆಸರು ಕನ್ನಡದ 'ಉಕ್ಕು' ಎಂಬ ಪದದಿಂದಲೇ ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಹೀಗಿದ್ದೂ ವಿದೇಶಿ ಅಲಗಿಗೆ ಬೇಡಿಕೆ ಉಂಟಾಗಲು ತಾಂತ್ರಿಕ ಕಾರಣವಿತ್ತು. ಮೂಸೆ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಹೆಚ್ಚು. ಅದರಿಂದ ಮಾಡಿದ ಬಾಗಿದ ತಲವಾರು ಚೆನ್ನಾಗಿ ಕಡಿಯುತ್ತದೆ; ಆದರೆ ಅದೇ ಉಕ್ಕಿನ ಉದ್ದವಾದ, ತೆಳ್ಳಗಿನ ನೇರ ಅಲಗು ಬಲವಾಗಿ ಬಾಗಿದಾಗ ಮುರಿಯುವ ಸಂಭವವಿರುತ್ತದೆ. ಯುರೋಪಿನ ಅಲಗುಗಳನ್ನು ಕಾಯಿಸಿ ತಣಿಸಿ ಹದಗೊಳಿಸಿದ್ದರಿಂದ ಅವು ಬಾಗಿ ಮತ್ತೆ ನೆಟ್ಟಗಾಗುತ್ತಿದ್ದವು. ಹೀಗೆ ದಖ್ಖನ್ನಿನಿಂದ ಕಚ್ಚಾ ಉಕ್ಕು ಹೊರಹೋಗುತ್ತಿದ್ದ ಕಾಲದಲ್ಲಿಯೇ ಸಿದ್ಧ ಅಲಗು ಒಳಬರುತ್ತಿತ್ತು.

ಗೋವಾ–ಬಿಜಾಪುರ ಮಾರ್ಗ

ಗೋವಾದಿಂದ ಬಿಜಾಪುರಕ್ಕೆ ಹೋಗುವ ಸರಕು ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ ಕೃಷ್ಣಾ ಮತ್ತು ಅದರ ಉಪನದಿಗಳ ಬಯಲನ್ನು ದಾಟಬೇಕಿತ್ತು. 1639ರಲ್ಲಿ ಗೋವಾಕ್ಕೆ ಬಂದಿದ್ದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೊನ ಪ್ರವಾಸಕಥನದಲ್ಲಿ ಈ ಮಾರ್ಗದ ವಿವರಣೆಯಿದ್ದು, ರಾಯಬಾಗ ಮತ್ತು ಅಥಣಿಗಳ ಹೆಸರು ಅದರಲ್ಲಿ ಬರುತ್ತದೆ. ಇವೆರಡೂ ಆ ಕಾಲದ ದೊಡ್ಡ ಪೇಟೆಗಳಾಗಿದ್ದವು.

ಈ ಸೀಮೆ ವ್ಯಾಪಾರದ ಹಾದಿಯಾಗಿದ್ದಂತೆ ದಂಡಿನ ಹಾದಿಯೂ ಆಗಿತ್ತು. 17ನೆಯ ಶತಮಾನದ ಮಧ್ಯಭಾಗದಲ್ಲಿ ರಾಯಬಾಗ ಸೀಮೆ ಆದಿಲ್‌ಶಾಹಿ ಸರದಾರ ರುಸ್ತುಮ್-ಎ-ಜಮಾನನ ಜಹಗೀರಿನಲ್ಲಿತ್ತು. 1659ರ ಡಿಸೆಂಬರ್‌ನಲ್ಲಿ ಕೊಲ್ಹಾಪುರದ ಬಳಿ ಶಿವಾಜಿಯು ಅವನನ್ನು ಸೋಲಿಸಿದ ನಂತರ ಮರಾಠಾ ಅಶ್ವದಳ ರಾಯಬಾಗದವರೆಗೆ ದಾಳಿ ಮಾಡಿತು. ಮುಂದೆ ಈ ಪ್ರದೇಶ ಮೊಘಲರು, ಕೊಲ್ಹಾಪುರದ ಛತ್ರಪತಿಗಳು ಮತ್ತು ಪೇಶ್ವೆಗಳ ನಡುವೆ ಕೈಬದಲಾಯಿತು. ಚಿಕ್ಕೋಡಿ ತಾಲ್ಲೂಕಿಗಾಗಿ ಕೊಲ್ಹಾಪುರ ಮತ್ತು ಪೇಶ್ವೆಗಳ ನಡುವೆ ದೀರ್ಘಕಾಲ ವಿವಾದವಿತ್ತು. ಕಾಗವಾಡವು ಪಟವರ್ಧನ ಮನೆತನದ ಒಂದು ಶಾಖೆಗೆ ಸೇರಿತ್ತು. ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ್ ನಿಂಬಾಳಕರ 19ನೆಯ ಶತಮಾನದ ಆದಿಯಲ್ಲಿ ಪೇಶ್ವೆಯ ಪ್ರಬಲ ಸರದಾರರಲ್ಲಿ ಒಬ್ಬನಾಗಿದ್ದ. 1803ರ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಜೊತೆಗಿದ್ದ ಮರಾಠಾ ಸರದಾರರಲ್ಲಿ ಅವನೂ ಒಬ್ಬ. ರಾಜ್ಯಗಳು ಹೀಗೆ ಬದಲಾದಾಗ ಖಡ್ಗಗಳೂ ಕೊಳ್ಳೆ, ಉಡುಗೊರೆ, ಬಳುವಳಿ ಮತ್ತು ಮಾರಾಟಗಳ ಮೂಲಕ ಕೈಯಿಂದ ಕೈಗೆ ಸಾಗುವುದು ಆ ಕಾಲದ ವಾಡಿಕೆಯಾಗಿತ್ತು.

ಮರಾಠಾ ಮತ್ತು ಮೊಘಲ್ ಬಳಕೆ

ಕುದುರೆಯ ಮೇಲಿನಿಂದ ಹೋರಾಡುವವನಿಗೆ ಉದ್ದನೆಯ ಅಲಗು ಅನುಕೂಲಕರವಾದ್ದರಿಂದ ಫಿರಂಗಿಯು ಮರಾಠಾ ಸವಾರರ ಮೆಚ್ಚಿನ ಆಯುಧವಾಯಿತು. ಕೈಕವಚ ಮತ್ತು ಅಲಗು ಕೂಡಿಕೊಂಡಿರುವ 'ದಾಂಡಪಟ್ಟಾ' ಎಂಬ ಮರಾಠಾ ಆಯುಧಕ್ಕೂ ಯುರೋಪಿನ ಬಾಗುವ ಅಲಗುಗಳನ್ನು ಬಳಸುತ್ತಿದ್ದರು. ಮೊಘಲ್ ಚಿತ್ರಗಳಲ್ಲಿ ಅಮೀರರು ಅಥವಾ ಅವರ ಸೇವಕರು ಫಿರಂಗಿಯನ್ನು ಹಿಡಿದಿರುವುದು ಕಂಡುಬರುತ್ತದೆ. ಇದು ಯುದ್ಧದ ಆಯುಧ ಮಾತ್ರವಲ್ಲದೆ ಅಧಿಕಾರದ ಚಿಹ್ನೆಯೂ ಆಗಿತ್ತೆಂಬುದನ್ನು ಇದರಿಂದ ತಿಳಿಯಬಹುದು.

ಬ್ರಿಟಿಷರ ಕಾಲ

ಪೋರ್ಚುಗೀಸರ ವ್ಯಾಪಾರ ಇಳಿಮುಖವಾದ ಮೇಲೂ ವಿದೇಶಿ ಅಲಗಿಗೆ ಹಿಡಿಕೆ ಹಾಕುವ ಪದ್ಧತಿ ನಿಲ್ಲಲಿಲ್ಲ. ಬ್ರಿಟಿಷ್ ಅಶ್ವದಳದ 1796ರ ಮಾದರಿಯ ಬಾಗಿದ ಕತ್ತಿಗಳು ಸೈನ್ಯದಿಂದ ತಿರಸ್ಕೃತವಾಗಿ ಮಾರುಕಟ್ಟೆಗೆ ಬಂದಾಗ, ಅವುಗಳ ಅಲಗಿಗೆ ತಲವಾರಿನ ಹಿಡಿಕೆಯನ್ನು ಜೋಡಿಸಿ ದೇಶೀಯ ಸವಾರರು ಬಳಸಿದರು. ಈ ಕುರಿತು ಕ್ಯಾಪ್ಟನ್ ಲೂಯಿಸ್ ನೋಲನ್ 1853ರಲ್ಲಿ ಪ್ರಕಟಿಸಿದ ಅಶ್ವದಳದ ಇತಿಹಾಸ ಮತ್ತು ಯುದ್ಧತಂತ್ರದ ಗ್ರಂಥದಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. ನೋಲನ್ ಸೇವೆ ಸಲ್ಲಿಸಿದ 15ನೆಯ ಹುಸಾರ್ಸ್ ದಳ ಆ ಕಾಲದಲ್ಲಿ ಬೆಂಗಳೂರಿನಲ್ಲಿ ಬೀಡುಬಿಟ್ಟಿತ್ತು. ಹೈದರಾಬಾದಿನ ನಿಜಾಮನ ಸವಾರರು ಕಾಳಗವೊಂದರಲ್ಲಿ ಮಾಡಿದ ಭೀಕರ ಗಾಯಗಳ ಸುದ್ದಿ ಕೇಳಿ, ಅವರ ಖಡ್ಗಗಳು ಎಂಥವೆಂದು ಅವನು ವಿಚಾರಿಸಿದ. ಅವು ಬ್ರಿಟಿಷ್ ಸೈನ್ಯವೇ ಎಸೆದಿದ್ದ ಹಳೆಯ ಅಲಗುಗಳೆಂದು ತಿಳಿದುಬಂತು. ಸವಾರರು ಅವುಗಳಿಗೆ ತಮ್ಮ ಹಿಡಿಕೆಯನ್ನು ಹಾಕಿ, ಕ್ಷೌರದ ಕತ್ತಿಯಂತೆ ಮಸೆದು, ಮರದ ಒರೆಯಲ್ಲಿಟ್ಟು, ಕಾಳಗದ ಹೊತ್ತಿನಲ್ಲಿ ಮಾತ್ರ ಹೊರತೆಗೆಯುತ್ತಿದ್ದರು. ಒಂದೇ ಅಲಗು ಹಿಡಿಕೆ, ಒರೆ ಮತ್ತು ಜೋಪಾಸನೆಯ ರೀತಿ ಬದಲಾದಾಗ ಹೇಗೆ ಬೇರೆಯೇ ಆಯುಧವಾಗುತ್ತದೆ ಎಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸಲಾಗುತ್ತದೆ.

1857–58ರ ದಂಗೆಯ ಕಾಲದ ಛಾಯಾಚಿತ್ರಗಳಲ್ಲಿಯೂ ಬ್ರಿಟಿಷ್ ಭಾರತದ ಅನಿಯತ ಅಶ್ವದಳದ ದೇಶೀಯ ಅಧಿಕಾರಿಗಳು ಫಿರಂಗಿಯನ್ನು ಧರಿಸಿರುವುದನ್ನು ಕಾಣಬಹುದು.

ಅಲಗಿಗೆ ಹಿಡಿಕೆ ಜೋಡಿಸುವ ವಿಧಾನ

ಯುರೋಪಿನ ಕತ್ತಿಯಲ್ಲಿ ಅಲಗಿನ ಬಾಲವು ಹಿಡಿಕೆಯ ಉದ್ದಕ್ಕೂ ಹಾಯ್ದು, ತುದಿಯ ಗುಂಡಿನ ಹೊರಗೆ ಬಂದು, ಅಲ್ಲಿ ಬಡಿದು ಬಿಗಿಯಲ್ಪಟ್ಟಿರುತ್ತದೆ. ಭಾರತದ ಹಿಡಿಕೆಯಲ್ಲಿ ಬಾಲವು ಗಿಡ್ಡ. ಟೊಳ್ಳಾದ ಹಿಡಿಕೆಯೊಳಗೆ ಅರಗು ಅಥವಾ ರಾಳದ ಮಿಶ್ರಣವನ್ನು ತುಂಬಿ, ಕಾಯಿಸಿದ ಬಾಲವನ್ನು ಅದರಲ್ಲಿ ಇಳಿಸುತ್ತಾರೆ. ಮಿಶ್ರಣ ತಣಿದು ಗಟ್ಟಿಯಾದಾಗ ಅಲಗು ಭದ್ರವಾಗುತ್ತದೆ. ಹಿಡಿಕೆಯನ್ನು ಮತ್ತೆ ಕಾಯಿಸಿದರೆ ಅರಗು ಮೆತ್ತಗಾಗಿ ಅಲಗು ಬಿಡಿಸಿಕೊಳ್ಳುತ್ತದೆ. ಈ ಸರಳ ವಿಧಾನದಿಂದಾಗಿ ಹಳೆಯ ಅಲಗಿಗೆ ಹೊಸ ಹಿಡಿಕೆಯನ್ನೂ ಹಳೆಯ ಹಿಡಿಕೆಗೆ ಹೊಸ ಅಲಗನ್ನೂ ಸುಲಭವಾಗಿ ಹಾಕಬಹುದಾಗಿತ್ತು.

ನೇರವಾದ ಉದ್ದನೆಯ ಅಲಗಿಗೆ ಅರಗಿನ ಬಿಗಿತವೊಂದೇ ಸಾಲದು. ಆದ್ದರಿಂದ ಖಾಂಡಾ ಮಾದರಿಯ ಹಿಡಿಕೆಯಿಂದ ಅಲಗಿನ ಎರಡೂ ಮೈಮೇಲೆ ಇಳಿಯುವ ಉಕ್ಕಿನ ಪಟ್ಟಿಗಳನ್ನು ಇರಿಸಿ, ಅಲಗಿನಲ್ಲಿ ರಂಧ್ರ ಕೊರೆದು ಗುಬ್ಬಿಮೊಳೆಗಳಿಂದ ಬಿಗಿಯುತ್ತಿದ್ದರು. ಹಿಡಿಕೆ ಬದಲಾದಾಗ ಹಳೆಯ ರಂಧ್ರಗಳು ಅಲಗಿನಲ್ಲಿ ಹಾಗೆಯೇ ಉಳಿಯುತ್ತವೆ. ಇವು ಖಡ್ಗದ ಹಿಂದಿನ ರೂಪವನ್ನು ಗುರುತಿಸಲು ಸಂಶೋಧಕರಿಗೆ ನೆರವಾಗುವ ಮುಖ್ಯ ಸಾಕ್ಷ್ಯಗಳು.

ಒಂದು ಖಡ್ಗ ಸಿದ್ಧವಾಗಲು ಹಲವು ಕಸುಬಿನವರ ಕೈ ಬೇಕಿತ್ತು. ಹಿಡಿಕೆಯ ಲೋಹದ ಕೆಲಸ ಕಂಬಾರರದು. ಅಲಗನ್ನು ಮಸೆದು ಹೊಳಪು ಕೊಡುವವರು ಶಿಕಲಗಾರರು. 'ಹೊಳಪು ಕೊಡುವುದು' ಎಂಬ ಅರ್ಥದ ಅರಬ್ಬಿ ಮೂಲದ ಪದದಿಂದ ಈ ಹೆಸರು ಬಂದಿದೆ. ಬೆಳಗಾವಿ, ಕೊಲ್ಹಾಪುರ ಮತ್ತು ಸಾಂಗಲಿ ಭಾಗಗಳಲ್ಲಿ ಇದು ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ಕುದುರೆಯ ಜೀನು ಮೊದಲಾದ ಚರ್ಮದ ಕೆಲಸ ಜೀನಗಾರರ ಕಸುಬಾಗಿತ್ತು. ಶ್ರೀಮಂತರ ಖಡ್ಗಗಳ ಹಿಡಿಕೆಯ ಮೇಲೆ ಗೀರು ಹಾಕಿ ಚಿನ್ನ ಅಥವಾ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವ 'ಕೋಫ್ತ್‌ಗರಿ' ಅಲಂಕಾರವನ್ನು ಮಾಡಿಸುತ್ತಿದ್ದರು.

ಮುದ್ರೆಗಳು ಮತ್ತು ನಕಲುಗಳು

ಯುರೋಪಿನ ಅಲಗುಗಳಲ್ಲಿ ತಯಾರಕರ ಮುದ್ರೆಗಳಿರುತ್ತವೆ. ಪಸ್ಸಾವ್ ಮತ್ತು ಜೋಲಿಂಗೆನ್‌ಗಳ 'ಓಡುವ ತೋಳ', ಇಟಲಿಯ ಖ್ಯಾತ ಕಮ್ಮಾರ ಆಂದ್ರೆಯಾ ಫೆರಾರನ ಹೆಸರು, ಹಲ್ಲುಗಳುಳ್ಳ ಅರ್ಧಚಂದ್ರಾಕೃತಿ ಮತ್ತು ಯೇಸುವಿನ ನಾಮಸೂಚಕವಾದ 'ಐ.ಎಚ್.ಎಸ್.' ಅಕ್ಷರಗಳು ಇವುಗಳಲ್ಲಿ ಮುಖ್ಯವಾದವು. ಮುದ್ರೆ ಇದೆ ಎಂಬ ಕಾರಣಕ್ಕೆ ಅಲಗನ್ನು ಆಯಾ ಊರಿನದೇ ಎಂದು ಒಪ್ಪಲಾಗುವುದಿಲ್ಲ. ಪ್ರಸಿದ್ಧ ಮುದ್ರೆಗಳನ್ನು ಯುರೋಪಿನ ಇತರ ಊರುಗಳ ಕಮ್ಮಾರರೇ ನಕಲು ಮಾಡುತ್ತಿದ್ದರು. ಫೆರಾರನ ಹೆಸರಿನ ಬಹುಪಾಲು ಅಲಗುಗಳು ಜರ್ಮನಿಯಲ್ಲಿ ತಯಾರಾದವು.

ಭಾರತದ ಕಮ್ಮಾರರೂ ಅರ್ಧಚಂದ್ರದ ಮುದ್ರೆಯನ್ನು ತಮ್ಮ ಅಲಗುಗಳ ಮೇಲೆ ಒತ್ತಿದರು. ರೋಮನ್ ಲಿಪಿಯನ್ನು ಓದಲಾರದವರು ನಕಲು ಮಾಡಿದಾಗ ಅಕ್ಷರಗಳು ತಲೆಕೆಳಗಾಗಿಯೋ ಅರ್ಥವಿಲ್ಲದ ಗೆರೆಗಳಾಗಿಯೋ ಮೂಡಿದವು. ಇಂತಹ ಅಲಗನ್ನು ಕೇವಲ ಮೋಸದ ವಸ್ತುವೆಂದು ತಳ್ಳಿಹಾಕುವುದು ಸರಿಯಲ್ಲ. ಕೊಳ್ಳುವವರ ದೃಷ್ಟಿಯಲ್ಲಿ ಯಾವ ಗುರುತಿಗೆ ಬೆಲೆಯಿತ್ತು ಎಂಬುದನ್ನು ಅದು ತೋರಿಸುತ್ತದೆ.

ಪ್ರಸಿದ್ಧ ಖಡ್ಗಗಳು

ಶಿವಾಜಿಯ ಭವಾನಿ ಖಡ್ಗ: ಶಿವಾಜಿಯ 'ಭವಾನಿ' ಖಡ್ಗದ ಅಲಗು ಜಿನೋವಾದ್ದೆಂದು ಮರಾಠರ ಇತಿಹಾಸವನ್ನು ಬರೆದ ಗ್ರಾಂಟ್ ಡಫ್ (1826) ದಾಖಲಿಸಿದ್ದಾನೆ. ಕೊಂಕಣದ ಸಾವಂತರಿಂದ ಶಿವಾಜಿಯು 300 ಹೊನ್ನು ಕೊಟ್ಟು ಒಂದು ಫಿರಂಗಿ ಅಲಗನ್ನು ಪಡೆದನೆಂಬ ಹೇಳಿಕೆ ಮರಾಠಿ ಪರಂಪರೆಯಲ್ಲಿದೆ.

ಜಗದಂಬಾ ಖಡ್ಗ: 1875–76ರಲ್ಲಿ ಭಾರತಕ್ಕೆ ಬಂದಿದ್ದ ವೇಲ್ಸ್ ರಾಜಕುಮಾರನಿಗೆ (ಮುಂದೆ ಏಳನೆಯ ಎಡ್ವರ್ಡ್) ಕೊಲ್ಹಾಪುರದ ಛತ್ರಪತಿ ನಾಲ್ಕನೆಯ ಶಿವಾಜಿಯಿಂದ ಸಂದ ಖಡ್ಗವಿದು. ಇದರ ಯುರೋಪಿಯನ್ ಅಲಗಿನ ಮೇಲೆ 'ಐ.ಎಚ್.ಎಸ್.' ಮುದ್ರೆಯಿದೆ. ಈಗ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ. ಕ್ರೈಸ್ತ ಮುದ್ರೆಯ ಅಲಗು ದೇವಿಯ ಹೆಸರನ್ನು ಪಡೆದು ಹಿಂದೂ ರಾಜಮನೆತನದ ಗೌರವದ ಆಯುಧವಾದುದು ಫಿರಂಗಿಯ ಸ್ವರೂಪವನ್ನು ಸ್ಪಷ್ಟವಾಗಿ ತೋರಿಸುತ್ತದೆ.

ರಘೋಜಿ ಭೋಸಲೆಯ ಖಡ್ಗ: ನಾಗಪುರದ ಭೋಸಲೆ ಮನೆತನದ ಸ್ಥಾಪಕ ಒಂದನೆಯ ರಘೋಜಿಯದೆಂದು ಗುರುತಿಸಲಾದ ಈ ಖಡ್ಗಕ್ಕೆ ಯುರೋಪಿನ ಅಲಗು ಮತ್ತು ಚಿನ್ನದ ಕೋಫ್ತ್‌ಗರಿ ಕೆಲಸದ ಬುಟ್ಟಿ ಹಿಡಿಕೆ ಇವೆ. ಅದರ ಮೇಲಿನ ದೇವನಾಗರಿ ಬರಹದಲ್ಲಿ ಒಡೆಯನ ಹೆಸರು ಮತ್ತು ಬಿರುದಿನ ಜೊತೆಗೆ 'ಫಿರಂಗ' ಎಂಬ ಪದವೂ ಇರುವುದು ವಿಶೇಷ. 2025ರ ಏಪ್ರಿಲ್‌ನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಮಹಾರಾಷ್ಟ್ರ ಸರ್ಕಾರವು ಇದನ್ನು ಸುಮಾರು 47 ಲಕ್ಷ ರೂಪಾಯಿ ವೆಚ್ಚದಲ್ಲಿ ಪಡೆದುಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಖಡ್ಗವನ್ನು ಮುಂಬೈಗೆ ತರಲಾಯಿತು.

ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗ: 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಜನರಲ್ ಡೇವಿಡ್ ಬೇರ್ಡ್‌ಗೆ ಸಂದ ಈ ಖಡ್ಗವು 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡುಗಳಿಗೆ ಮಾರಾಟವಾಯಿತು. 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನ್ ಅಲಗುಗಳ ಮಾದರಿಯನ್ನು ಅನುಸರಿಸಿ ಇದರ ಅಲಗನ್ನು ಭಾರತೀಯ ಕಮ್ಮಾರರು ಮಾಡಿದ್ದರೆಂದು ಹರಾಜು ಸಂಸ್ಥೆ ವಿವರಿಸಿತು. ಇದನ್ನು ಕಟ್ಟುನಿಟ್ಟಾಗಿ ಫಿರಂಗಿ ಎನ್ನಲಾಗದಿದ್ದರೂ ವಿದೇಶಿ ಅಲಗಿನ ಪ್ರಭಾವ ಮೈಸೂರಿನವರೆಗೆ ತಲುಪಿದ್ದಕ್ಕೆ ಉದಾಹರಣೆಯಾಗಿದೆ.

ಜಪಾನಿನ ಪದ್ಧತಿಯೊಂದಿಗೆ ಹೋಲಿಕೆ

ಅಲಗನ್ನು ಉಳಿಸಿಕೊಂಡು ಉಳಿದ ಭಾಗಗಳನ್ನು ಬದಲಿಸುವ ಪದ್ಧತಿ ಜಪಾನಿನ ಖಡ್ಗಗಳಲ್ಲಿಯೂ ಇದೆ. ಅಲ್ಲಿ ಅಲಗನ್ನು ಹಿಡಿಕೆಗೆ ಬಿಗಿಯುವುದು 'ಮೆಕುಗಿ' ಎಂಬ ಚಿಕ್ಕ ಬಿದಿರಿನ ಮೊಳೆ. ಅದನ್ನು ಹೊರತೆಗೆದರೆ ಹಿಡಿಕೆ, ಕೈಗಾಪು ಮತ್ತು ಇತರ ಭಾಗಗಳು ಬೇರ್ಪಡುತ್ತವೆ. ಹಿಡಿಕೆ, ಒರೆ ಮೊದಲಾದ ಹೊರಸಜ್ಜಿಗೆ 'ಕೊಶಿರಾಯೆ' ಎಂದು ಹೆಸರು. ಕಾಲ ಮತ್ತು ಅಂತಸ್ತಿಗೆ ತಕ್ಕಂತೆ ಒಂದೇ ಅಲಗಿಗೆ ಬೇರೆ ಬೇರೆ ಕೊಶಿರಾಯೆಗಳನ್ನು ಮಾಡಿಸುತ್ತಿದ್ದರು. ಕಮ್ಮಾರನು ತನ್ನ ಹೆಸರನ್ನು ಅಲಗಿನ ಬಾಲದಲ್ಲಿ ಕೆತ್ತುತ್ತಾನೆ. ಹಳೆಯ ಉದ್ದನೆಯ ಖಡ್ಗಗಳನ್ನು ಬುಡದ ಕಡೆಯಿಂದ ಗಿಡ್ಡಗೊಳಿಸಿದಾಗ ಈ ಹೆಸರು ಹಲವು ಸಲ ಕಳೆದುಹೋಗಿದೆ. 1876ರಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ಜಪಾನ್ ಸರ್ಕಾರ ನಿಷೇಧಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಲವು ಮನೆತನಗಳ ಹಳೆಯ ಅಲಗುಗಳು ಸೈನಿಕ ಹಿಡಿಕೆಯನ್ನು ಪಡೆದು ಮತ್ತೆ ಯುದ್ಧಭೂಮಿಗೆ ಹೋದವು.

ಎರಡು ಪದ್ಧತಿಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಜಪಾನಿನಲ್ಲಿ ಅಲಗು ಮತ್ತು ಹೊರಸಜ್ಜು ಒಂದೇ ಸಂಸ್ಕೃತಿಯವು. ಬಾಲಕ್ಕೆ ಹೊಳಪು ಕೊಡದೆ, ಅದರ ತುಕ್ಕಿನ ಬಣ್ಣದಿಂದಲೇ ಕಾಲವನ್ನು ಊಹಿಸುವ ಶಾಸ್ತ್ರವೂ ಅಲ್ಲಿ ಬೆಳೆದಿದೆ. ಫಿರಂಗಿಯಲ್ಲಿ ಅಲಗು ಮತ್ತು ಹಿಡಿಕೆ ಬೇರೆ ಬೇರೆ ಖಂಡಗಳವು. ಬಾಲವು ಅರಗಿನೊಳಗೆ ಅಡಗಿರುವುದರಿಂದ ಅದನ್ನು ನೋಡುವುದೂ ಸುಲಭವಲ್ಲ. ಇಂದು ಅಂತರಜಾಲದಲ್ಲಿ ಮಾರಾಟವಾಗುವ ಜಪಾನಿ ಮಾದರಿಯ ಹೊಸ ಖಡ್ಗಗಳಲ್ಲಿ ಹಲವು ಚೀನಾದ ಲೋಂಗ್‌ಚುವಾನ್ ನಗರದಲ್ಲಿ ತಯಾರಾದವು. ಇವುಗಳ ಹಿಡಿಕೆ ಮತ್ತು ಕೈಗಾಪನ್ನು ಕೊಳ್ಳುವವರು ತಮ್ಮ ಇಷ್ಟದಂತೆ ಬದಲಿಸಿ ಮರುಮಾರಾಟ ಮಾಡುವುದೂ ಉಂಟು. ಹೊಸ ವಸ್ತುವಿನಲ್ಲಿ ಇಂತಹ ಬದಲಾವಣೆಯಿಂದ ನಷ್ಟವೇನೂ ಇಲ್ಲ. ಪುರಾತನ ಖಡ್ಗದಲ್ಲಿ ಅದೇ ಬದಲಾವಣೆ ಇತಿಹಾಸದ ಸಾಕ್ಷ್ಯವನ್ನು ಅಳಿಸುತ್ತದೆ.

ಆಚರಣೆಗಳಲ್ಲಿ

ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಮಹಾನವಮಿಯನ್ನು 'ಖಂಡೇನವಮಿ' ಎಂದು ಕರೆಯುತ್ತಾರೆ. ಅಂದು ಮನೆಯಲ್ಲಿರುವ ಆಯುಧಗಳನ್ನೂ ಕಸುಬಿನ ಸಲಕರಣೆಗಳನ್ನೂ ಪೂಜಿಸುವುದು ವಾಡಿಕೆ. ಯುದ್ಧದಲ್ಲಿ ಉಪಯೋಗ ತಪ್ಪಿದ ಮೇಲೂ ಹಳೆಯ ಮನೆತನಗಳಲ್ಲಿ ಖಡ್ಗಗಳು ಉಳಿದುಬರಲು ಇಂತಹ ಪೂಜೆಯೂ ಒಂದು ಕಾರಣ. ಕಾಗವಾಡ ತಾಲ್ಲೂಕಿನ ಮಂಗಸೂಳಿಯು ಖಂಡೋಬಾ (ಮೈಲಾರಲಿಂಗ) ದೇವರ ಪ್ರಸಿದ್ಧ ಕ್ಷೇತ್ರಗಳಲ್ಲೊಂದು. ಖಂಡೋಬಾ ಎಂಬ ಹೆಸರನ್ನು ಆ ದೇವರ ಆಯುಧವಾದ ಖಡ್ಗದೊಂದಿಗೆ, ಅಂದರೆ 'ಖಂಡೆ' ಅಥವಾ 'ಖಾಂಡಾ'ದೊಂದಿಗೆ, ಸಂಬಂಧಿಸಿ ವಿವರಿಸಲಾಗುತ್ತದೆ. ಫಿರಂಗಿಯ ಹಿಡಿಕೆಯೂ ಈ ಖಾಂಡಾದ್ದೇ ಆಗಿರುವುದರಿಂದ, ವಿದೇಶಿ ಅಲಗು ನೋಟದಲ್ಲಿ ದೇಶೀಯ ಖಡ್ಗವಾಗಿ ಮಾರ್ಪಡುತ್ತಿತ್ತು. ಕೊಲ್ಹಾಪುರ ಭಾಗದ 'ಮರ್ದಾನಿ ಖೇಳ' ಎಂಬ ಸಾಹಸಕಲೆಯಲ್ಲಿ ಖಡ್ಗ ಮತ್ತು ದಾಂಡಪಟ್ಟಾದ ವರಸೆಗಳು ಇಂದಿಗೂ ಪ್ರದರ್ಶಿತವಾಗುತ್ತವೆ.

ಕಾನೂನು, ಮಾರಾಟ ಮತ್ತು ಸಂರಕ್ಷಣೆ

ಭಾರತದಲ್ಲಿ ಪುರಾತನ ಖಡ್ಗಗಳಿಗೆ ಮುಖ್ಯವಾಗಿ ಎರಡು ಕಾನೂನುಗಳು ಸಂಬಂಧಿಸುತ್ತವೆ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಹರಿತವಾದ ಆಯುಧಗಳನ್ನೂ ಒಳಗೊಳ್ಳುತ್ತದೆ. 2016ರ ನಿಯಮಗಳಂತೆ ಗೃಹಕೃತ್ಯ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶಕ್ಕೆ ಮಾಡದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಆಯುಧಗಳು ಈ ವರ್ಗಕ್ಕೆ ಬರುತ್ತವೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷಕ್ಕಿಂತ ಹಳೆಯದಾದ ಇಂತಹ ವಸ್ತುಗಳು ಪುರಾವಸ್ತುಗಳೆನಿಸುತ್ತವೆ. ಇವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ಖಾಸಗಿ ವ್ಯಕ್ತಿಗಳು ಇವನ್ನು ದೇಶದ ಹೊರಗೆ ರಫ್ತು ಮಾಡುವಂತಿಲ್ಲ.

ಪುರಾವಸ್ತು ಮಾರುಕಟ್ಟೆಯಲ್ಲಿ ಫಿರಂಗಿಯ ಬೆಲೆ ಅದರ ಅಲಗಿನ ಮೂಲ, ಹಿಡಿಕೆಯ ಅಲಂಕಾರ ಮತ್ತು ಒಡೆತನದ ದಾಖಲೆಯನ್ನು ಅವಲಂಬಿಸಿರುತ್ತದೆ. ಹೆಚ್ಚಿನ ಬೆಲೆಗಾಗಿ ಹಳೆಯ ಅಲಗಿಗೆ ಬೇರೊಂದು ಖಡ್ಗದ ಹಿಡಿಕೆಯನ್ನು ಹಾಕುವುದು, ಸರಳ ಹಿಡಿಕೆಗೆ ಹೊಸದಾಗಿ ಚಿನ್ನದ ಕೆಲಸ ಮಾಡಿಸುವುದು ಮತ್ತು ಅಲಗನ್ನು ಉಜ್ಜಿ ಹೊಳಪಿಸುವುದು ನಡೆದಿದೆ. ಹಿಂದಿನ ಕಾಲದ ಹಿಡಿಕೆ ಬದಲಾವಣೆಯೂ ಇಂದಿನದೂ ಮೇಲ್ನೋಟಕ್ಕೆ ಒಂದೇ ಕೆಲಸದಂತೆ ಕಾಣುತ್ತವೆ. ಆದರೆ 17ನೆಯ ಶತಮಾನದ ಬದಲಾವಣೆ ಬಳಕೆಗಾಗಿ ಆದದ್ದು ಮತ್ತು ತಾನೇ ಒಂದು ಐತಿಹಾಸಿಕ ಸಂಗತಿ. ಇಂದಿನದು ಮಾರಾಟಕ್ಕಾಗಿ ಆಗುವಂಥದು. ಅದರಿಂದ ಹಿಂದಿನ ಸಂಗತಿಗಳು ಮರೆಯಾಗುತ್ತವೆ.

ಈ ಕಾರಣದಿಂದ ಸಂರಕ್ಷಣಾ ತಜ್ಞರು ಕೆಲವು ಎಚ್ಚರಿಕೆಗಳನ್ನು ಸೂಚಿಸುತ್ತಾರೆ. ಹಿಡಿಕೆ ಸಡಿಲವಾಗಿದ್ದರೂ ಕಾಯಿಸಿ ಬಿಡಿಸಬಾರದು. ಮೂಲ ಅರಗು, ಬಾಲದ ಆಕಾರ ಮತ್ತು ಹಳೆಯ ಮೊಳೆಗಳು ಒಮ್ಮೆ ಹಾಳಾದರೆ ಮರಳಿ ದೊರೆಯುವುದಿಲ್ಲ. ತುಕ್ಕನ್ನು ಮರಳುಕಾಗದ ಅಥವಾ ಆಮ್ಲದಿಂದ ತೆಗೆದರೆ ಸಣ್ಣ ಮುದ್ರೆಗಳೂ ಚಿನ್ನದ ತೆಳು ಕೆಲಸವೂ ಅಳಿಸಿಹೋಗಬಹುದು. ಒಣಗಿದ ಬಟ್ಟೆಯಿಂದ ಧೂಳನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ, ತೇವವಿಲ್ಲದ ಸ್ಥಳದಲ್ಲಿ ಇಡುವುದು ಸುರಕ್ಷಿತ. ಬೆವರಿನ ಉಪ್ಪು ತುಕ್ಕಿಗೆ ಕಾರಣವಾಗುವುದರಿಂದ ಅಲಗನ್ನು ಬರಿಗೈಯಿಂದ ಮುಟ್ಟಬಾರದು. ಮಖಮಲ್ಲಿನ ಮೆತ್ತೆ ಮತ್ತು ಒರೆಯ ಹೊದಿಕೆ ಹರಿದಿದ್ದರೂ ಹಾಗೆಯೇ ಉಳಿಸಿಕೊಳ್ಳಬೇಕು. ಖಡ್ಗ ಯಾರಿಂದ, ಯಾವಾಗ ಬಂದಿತೆಂಬ ಮನೆತನದ ಹೇಳಿಕೆಯನ್ನು ಬರೆದಿಟ್ಟರೆ ಮುಂದಿನ ಅಧ್ಯಯನಕ್ಕೆ ಅದು ಅಮೂಲ್ಯ ಆಧಾರವಾಗುತ್ತದೆ.

ಸಂಗ್ರಹಾಲಯಗಳಲ್ಲಿ

ಬೆಳಗಾವಿ ಗಡಿಭಾಗಕ್ಕೆ ಸಮೀಪದ ಕೊಲ್ಹಾಪುರದ ನ್ಯೂ ಪ್ಯಾಲೇಸ್ ಸಂಗ್ರಹಾಲಯದಲ್ಲಿ ಮರಾಠಾ ಆಯುಧಗಳ ದೊಡ್ಡ ಸಂಗ್ರಹವಿದೆ. ವಿಜಯಪುರದ ಗೋಲಗುಮ್ಮಟದ ಆವರಣದ ಪುರಾತತ್ತ್ವ ಸಂಗ್ರಹಾಲಯದಲ್ಲಿ ಆದಿಲ್‌ಶಾಹಿ ಕಾಲದ ವಸ್ತುಗಳನ್ನು ನೋಡಬಹುದು. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯ ಮತ್ತು ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಗಳಲ್ಲಿ ಭಾರತೀಯ ಆಯುಧಗಳ ವಿಭಾಗಗಳಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿಯೂ ಫಿರಂಗಿ ಖಡ್ಗಗಳಿವೆ.

ಇವನ್ನೂ ನೋಡಿ

ಖಾಂಡಾ
ತಲವಾರು
ದಾಂಡಪಟ್ಟಾ
ವೂಟ್ಜ್ ಉಕ್ಕು
ಕಟಾನಾ
ಆದಿಲ್‌ಶಾಹಿ ವಂಶ
ಬೆಳಗಾವಿ ಜಿಲ್ಲೆ